ಕುಷ್ಠರೋಗದ ಮೂಲ ಕಂಡ ಹ್ಯಾನ್ಸನ್

ನಾರ್ವೆಯ ಬಂದರು ನಗರ ಬರ್ಗೆನ್‌ನಲ್ಲಿ ಮರದಿಂದ ಕಟ್ಟಿದ ಹಳೆಯ ಚರ್ಚೊಂದಿದೆ. ಅದು ಸೇಂಟ್ ಯೋರ್ಗೆನ್ ಕುಷ್ಠರೋಗಿಗಳ ಆಸ್ಪತ್ರೆಗೆ ಸೇರಿದ್ದು. 15ನೇ ಶತಮಾನದ ಆರಂಭದಿಂದಲೇ ದಾಖಲೆಗಳಲ್ಲಿ ಕಾಣುವ ಈ ಆಸ್ಪತ್ರೆ 1702ರಲ್ಲಿ ಬೆಂಕಿಗೆ ಆಹುತಿಯಾಯಿತು. ಕೆಲವೇ ವರ್ಷಗಳಲ್ಲಿ ಚರ್ಚು ಮತ್ತೆ ಮರದಲ್ಲೇ ತಲೆಯೆತ್ತಿತು. ಅಲ್ಲಿಗೆ ಬಂದ ರೋಗಿಗಳಿಗೆ ಆಶ್ರಯವಿತ್ತು, ಪ್ರಾರ್ಥನೆಯಿತ್ತು. ರೋಗ ಗುಣಪಡಿಸುವ ಮದ್ದಿರಲಿಲ್ಲ.

ಇದೇ ನಗರದಲ್ಲಿ 1841ರ ಜುಲೈ 29ರಂದು ಜನಿಸಿದವರು ಗೆರ್ಹಾರ್ಡ್ ಆರ್ಮಾಯರ್ ಹ್ಯಾನ್ಸನ್. ವೈದ್ಯಶಿಕ್ಷಣ ಮುಗಿಸಿ 1868ರಲ್ಲಿ ಬರ್ಗೆನ್‌ಗೆ ಮರಳಿದ ಅವರು ಡೇನಿಯಲ್ ಡೇನಿಯಲ್ಸನ್ ಅವರ ಕೈಕೆಳಗೆ ಕೆಲಸಕ್ಕೆ ಸೇರಿದರು. ಸೇಂಟ್ ಯೋರ್ಗೆನ್‌ನಲ್ಲಿ ರೋಗಿಗಳನ್ನು ಅಭ್ಯಸಿಸಿ ಹೆಸರು ಮಾಡಿದ್ದ ಡೇನಿಯಲ್ಸನ್, ಕುಷ್ಠ ವಂಶಪಾರಂಪರ್ಯವಾಗಿ ಬರುವ ರೋಗವೆಂದು ನಂಬಿದ್ದರು. ಶಿಷ್ಯನಿಗೆ ಅದು ಒಪ್ಪಿಗೆಯಾಗಲಿಲ್ಲ. 1873ರಲ್ಲಿ ಹ್ಯಾನ್ಸನ್ ರೋಗಿಗಳ ಗಂಟುಗಳಲ್ಲಿ ಕಡ್ಡಿಯಾಕಾರದ ಸೂಕ್ಷ್ಮಾಣುಗಳನ್ನು ಗುರುತಿಸಿದರು. ಡೇನಿಯಲ್ಸನ್ ಅವರ ಮಗಳನ್ನು ಅವರು ವರಿಸಿದ್ದೂ ಅದೇ ವರ್ಷ. ವರ್ಷ ತುಂಬುವ ಮೊದಲೇ ಪತ್ನಿ ಕ್ಷಯಕ್ಕೆ ಬಲಿಯಾದರು.

ಸೂಕ್ಷ್ಮಾಣುವೇ ರೋಗಕಾರಣವೆಂದು ಸಾಧಿಸುವುದು ಸುಲಭವಾಗಿರಲಿಲ್ಲ. ಪ್ರಯೋಗಶಾಲೆಯಲ್ಲಿ ಅದು ಬೆಳೆಯಲಿಲ್ಲ, ಪ್ರಾಣಿಗಳಿಗೂ ಹರಡಲಿಲ್ಲ. 1879ರಲ್ಲಿ ಹ್ಯಾನ್ಸನ್ ಆಸ್ಪತ್ರೆಯ ಮಹಿಳಾ ರೋಗಿಯೊಬ್ಬರ ಕಣ್ಣಿಗೆ, ಮತ್ತೊಬ್ಬ ರೋಗಿಯ ಗಂಟಿನಿಂದ ತೆಗೆದ ದ್ರವ್ಯವನ್ನು ಚುಚ್ಚಿ ಸೇರಿಸಿದರು. ಆಕೆಯ ಒಪ್ಪಿಗೆ ಕೇಳಿರಲಿಲ್ಲ. ಪ್ರಕರಣ ನ್ಯಾಯಾಲಯ ಏರಿತು. 1880ರ ಮೇ 31ರ ತೀರ್ಪಿನಂತೆ ಅವರು ಆಸ್ಪತ್ರೆಯ ವೈದ್ಯ ಹುದ್ದೆಯನ್ನು ಕಳೆದುಕೊಂಡರು. ರೋಗಿಯ ಒಪ್ಪಿಗೆಯ ಪ್ರಶ್ನೆ ವೈದ್ಯಲೋಕದ ಮುಂದೆ ಬಂದ ಆರಂಭಿಕ ಪ್ರಕರಣಗಳಲ್ಲಿ ಇದೂ ಒಂದು.

ಆದರೂ ದೇಶದ ಕುಷ್ಠರೋಗ ವಿಭಾಗದ ಮುಖ್ಯ ವೈದ್ಯಾಧಿಕಾರಿಯಾಗಿ ಅವರು ಮುಂದುವರಿದರು. 1877 ಹಾಗೂ 1885ರ ಕಾಯಿದೆಗಳು ಅವರ ವಾದದಂತೆ ರೋಗಿಗಳನ್ನು ಪ್ರತ್ಯೇಕವಾಗಿರಿಸುವ ಅಧಿಕಾರ ನೀಡಿದವು. 1856ರಲ್ಲಿ 2,800ಕ್ಕೂ ಮಿಕ್ಕಿದ್ದ ನಾರ್ವೆಯ ರೋಗಿಗಳ ಸಂಖ್ಯೆ ಶತಮಾನದ ಕೊನೆಗೆ ನೂರರ ಲೆಕ್ಕಕ್ಕೆ ಇಳಿಯಿತು. ಆ ಇಳಿಕೆಗೆ ಮನೆಯಿಂದ ದೂರವಾದ ರೋಗಿಗಳೂ ಬೆಲೆ ತೆತ್ತಿದ್ದರು. 1909ರಲ್ಲಿ ಬರ್ಗೆನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಕುಷ್ಠರೋಗ ಸಮ್ಮೇಳನಕ್ಕೆ ಹ್ಯಾನ್ಸನ್ ಅವರೇ ಅಧ್ಯಕ್ಷರು. 1912ರ ಫೆಬ್ರುವರಿ 12ರಂದು ಅವರು ನಿಧನರಾದರು.

ಸೇಂಟ್ ಯೋರ್ಗೆನ್‌ನ ಕೊನೆಯ ಇಬ್ಬರು ರೋಗಿಗಳು 1946ರಲ್ಲಿ ತೀರಿಕೊಂಡರು. ಬಳಿಕ ಆಸ್ಪತ್ರೆ ವಸ್ತುಸಂಗ್ರಹಾಲಯವಾಯಿತು. ಬರ್ಗೆನ್‌ನ ಕುಷ್ಠರೋಗ ದಾಖಲೆಗಳನ್ನು ಯುನೆಸ್ಕೊ 2001ರಲ್ಲಿ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಕಾಯಿಲೆಗೆ ಹ್ಯಾನ್ಸನ್ ಅವರ ಹೆಸರು ಉಳಿಯಿತು. ಅದನ್ನು ಅನುಭವಿಸಿದವರ ಹೆಸರುಗಳು ಆ ದಾಖಲೆಗಳಲ್ಲಿ ಉಳಿದಿವೆ.