ನಾಣ್ಯಗಳ ಗುರುತನ್ನೋದಿದ ಜೇಮ್ಸ್ ಪ್ರಿನ್ಸೆಪ್

ಹಳೆಯ ಬೆಳ್ಳಿ ರೂಪಾಯಿಗಳನ್ನು ಸಂಗ್ರಹಿಸುವವರು ಪ್ರತಿ ನಾಣ್ಯದಲ್ಲಿಯೂ ಟಂಕಸಾಲೆಯ ಗುರುತನ್ನು ಅರಸುತ್ತಾರೆ. ಒಂದು ಚುಕ್ಕೆ, ಒಂದು ಮೀನು, ಒಂದು ಹೂವು. ಇಂತಹ ಕಿರುಚಿಹ್ನೆಯೇ ಆ ನಾಣ್ಯವು ಎಲ್ಲಿ ಅಚ್ಚಾಯಿತೆಂಬುದನ್ನು ತಿಳಿಸುತ್ತದೆ. ಈ ಸೂಕ್ಷ್ಮದೃಷ್ಟಿಯ ಬಲದಿಂದಲೇ ಭಾರತವು ಮರೆತಿದ್ದ ಲಿಪಿಯನ್ನು ಓದಿದ ಮಹನೀಯನು ಜೇಮ್ಸ್ ಪ್ರಿನ್ಸೆಪ್.

ಇವನು 1799ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದನು. 1819ರಲ್ಲಿ ಕಲ್ಕತ್ತೆಯ ಟಂಕಸಾಲೆಗೆ ಲೋಹಪರೀಕ್ಷಕನ ಸಹಾಯಕನಾಗಿ ಬಂದನು. ಮರುವರ್ಷ ಕಾಶಿಯ ಟಂಕಸಾಲೆಗೆ ಲೋಹಪರೀಕ್ಷಕನಾಗಿ ಹೋಗಿ, 1830ರವರೆಗೆ ಅಲ್ಲಿದ್ದನು. ಕಲ್ಕತ್ತೆಗೆ ಮರಳಿದ ಮೇಲೆ 1832ರಲ್ಲಿ ಅಲ್ಲಿನ ಪ್ರಧಾನ ಲೋಹಪರೀಕ್ಷಕನಾದನು.

ಆ ಕಾಲದಲ್ಲಿ ಎಲ್ಲ ರೂಪಾಯಿಗಳಿಗೂ ಒಂದೇ ಬೆಲೆಯಿರಲಿಲ್ಲ. ಊರೂರಿನ ನಾಣ್ಯಗಳ ತೂಕವೂ ಬೆಳ್ಳಿಯ ಪ್ರಮಾಣವೂ ಬೇರೆಬೇರೆ. ನಾಣ್ಯದ ವರ್ಷ ಹಳೆಯದಾದರೆ ಸರಾಫರು ವಟ್ಟವನ್ನು ಮುರಿದುಕೊಳ್ಳುತ್ತಿದ್ದರು. ಗುರುತನ್ನು ಓದಬಲ್ಲ ಸರಾಫನಿಗೆ ಲಾಭ, ಓದಲಾರದ ರೈತನಿಗೆ ನಷ್ಟ. ಇದನ್ನು ತಡೆಯಲು ಕಂಪನಿ ಸರ್ಕಾರವು ಬಂಗಾಳದ ಸಿಕ್ಕಾ ರೂಪಾಯಿಯ ಮೇಲೆ ಷಾ ಆಲಂ ಬಾದಶಹನ ಆಳ್ವಿಕೆಯ 19ನೆಯ ವರ್ಷವನ್ನೇ ಶಾಶ್ವತವಾಗಿ ಅಚ್ಚುಹಾಕಿಸಿತು. ಕಲ್ಕತ್ತೆ, ಢಾಕಾ, ಪಾಟ್ನಾಗಳ ನಾಣ್ಯಗಳೂ ಮುರ್ಷಿದಾಬಾದಿನ ಹೆಸರನ್ನೇ ಹೊತ್ತವು. ಅವುಗಳ ನಿಜವಾದ ಹುಟ್ಟೂರನ್ನು ತಿಳಿಸಲು ಸಣ್ಣ ಚುಕ್ಕೆಗಳು ಮಾತ್ರ ಉಳಿದವು.

ಪ್ರಿನ್ಸೆಪನು ದೇಶದ ನಾಣ್ಯ, ತೂಕ, ಅಳತೆಗಳ ಕೋಷ್ಟಕಗಳನ್ನು 1834ರಲ್ಲಿ ಪ್ರಕಟಿಸಿದನು. ಏಕರೂಪದ ನಾಣ್ಯವು ಬೇಕೆಂದು ಆಗ್ರಹಪಡಿಸಿದನು. 1835ರ ಕಾನೂನಿನಂತೆ 180 ಗ್ರೇನ್ ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿಯುಳ್ಳ ರೂಪಾಯಿಯು ಜಾರಿಗೆ ಬಂದಿತು. ತಾನು ಅಕ್ಕರೆಯಿಂದ ಸಂಗ್ರಹಿಸುತ್ತಿದ್ದ ವೈವಿಧ್ಯವು ಅಳಿಯಲು ಅವನೇ ಶ್ರಮಿಸಿದನು. ಬಡವನ ನಷ್ಟವು ತಪ್ಪಬೇಕಾದರೆ ಬೇರೆ ದಾರಿಯಿರಲಿಲ್ಲ.

ಪ್ರಾಚೀನ ನಾಣ್ಯಗಳೂ ಅವನ ಮೇಜಿಗೆ ಬರುತ್ತಿದ್ದವು. ಒಂದು ಮುಖದಲ್ಲಿ ಗ್ರೀಕ್, ಮತ್ತೊಂದರಲ್ಲಿ ಖರೋಷ್ಠಿ ಲಿಪಿಯಿದ್ದ ನಾಣ್ಯಗಳಲ್ಲಿ ರಾಜರ ಹೆಸರುಗಳನ್ನು ಹೋಲಿಸಿ ಖರೋಷ್ಠಿಯ ಅನೇಕ ಅಕ್ಷರಗಳನ್ನು ಗುರುತಿಸಿದನು. 1837ರಲ್ಲಿ ಸಾಂಚಿಯ ಕಿರುಶಾಸನಗಳನ್ನು ನೋಡುವಾಗ, ಬಹುಪಾಲು ಶಾಸನಗಳ ಕೊನೆಯಲ್ಲಿ ಒಂದೇ ಪದವಿರುವುದನ್ನು ಕಂಡು, ಅದು ದಾನವೆಂಬ ಪದವಿರಬೇಕೆಂದು ಊಹಿಸಿದನು. ಆ ಊಹೆಯಿಂದ ಬ್ರಾಹ್ಮೀ ಲಿಪಿಯು ಬಾಯಿಬಿಟ್ಟಿತು. ದೇವಾನಾಂಪ್ರಿಯನೆಂಬ ರಾಜನ ಶಾಸನಗಳು ಓದಲು ಬಂದವು. ಆ ರಾಜನು ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರನು ತೋರಿಸಿದನು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನ ಹೆಸರೇ ಕಂಡುಬಂದು, ಈ ನಿರ್ಣಯವು ದೃಢವಾಯಿತು. ನಮ್ಮ ಕನ್ನಡ ಲಿಪಿಯ ಮೂಲವೂ ಬ್ರಾಹ್ಮಿಯೇ.

ಎಡೆಬಿಡದ ದುಡಿಮೆಯಿಂದ ಪ್ರಿನ್ಸೆಪನ ಆರೋಗ್ಯವು ಕುಸಿಯಿತು. 1838ರಲ್ಲಿ ಸ್ವದೇಶಕ್ಕೆ ಹೊರಟ ಅವನು 1840ರ ಏಪ್ರಿಲ್ 22ರಂದು, ನಲವತ್ತರ ವಯಸ್ಸಿನಲ್ಲಿಯೇ, ತೀರಿಕೊಂಡನು. ಕಲ್ಕತ್ತೆಯ ಗಂಗಾತೀರದ ಪ್ರಿನ್ಸೆಪ್ ಘಾಟ್ ಅವನ ಸ್ಮಾರಕವಾಗಿದೆ.

ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿರುವ ರೂಪಾಯಿಯ ಇಸವಿಯ ಕೆಳಗೆ ನೋಡಿರಿ. ವಜ್ರಾಕೃತಿಯಿದ್ದರೆ ಅದು ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ಎಲ್ಲರ ಕಣ್ಣಿಗೂ ಬೀಳುವಂತಹ ಗುರುತುಗಳಿವು; ನಿಂತು ನೋಡುವವನಿಗೆ ಮಾತ್ರ ವಿದ್ಯೆಯಾಗುತ್ತವೆ.