ಇನ್ಸುಲಿನ್ ಕೊಟ್ಟ ಮಹನೀಯ

ಸಕ್ಕರೆಯ ರೋಗಕ್ಕೆ ಸಕ್ಕರೆಯೇ ಮದ್ದಾಗುವುದುಂಟೆ? ಉಂಟೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ರಾತ್ರಿ ನನ್ನ ತಮ್ಮನು ಇನ್ಸುಲಿನ್ ಚುಚ್ಚಿಕೊಂಡು, ಊಟ ಮರೆತು ಓದಲು ಕುಳಿತನು. ಸ್ವಲ್ಪ ಹೊತ್ತಿನಲ್ಲಿಯೇ ಮೈ ಬೆವೆತು, ಕೈ ನಡುಗಿ, ಮಾತು ತೊದಲಿತು. ನಾನು ದಿಕ್ಕುತೋರದೆ ನಿಂತಿರಲು, ಅಮ್ಮನು ಮೂರು ಚಮಚ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ಅವನು ಚೇತರಿಸಿಕೊಂಡು ಊಟಕ್ಕೆ ಕುಳಿತನು. ಅಂದಿನಿಂದ ಇನ್ಸುಲಿನ್ನಿನ ಕರ್ತೃವನ್ನು ಕುರಿತು ತಿಳಿಯುವ ಹಂಬಲ ನನಗುಂಟಾಯಿತು.

ಫ್ರೆಡರಿಕ್ ಬ್ಯಾಂಟಿಂಗನು 1891ನೆಯ ನವೆಂಬರ್ 14ರಂದು ಕೆನಡಾದ ಆಲಿಸ್ಟನ್ ಬಳಿ ಒಂದು ರೈತ ಕುಟುಂಬದಲ್ಲಿ ಜನಿಸಿದನು. ವೈದ್ಯನಾಗಿ ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ, 1918ರಲ್ಲಿ ತಾನೇ ಗಾಯಗೊಂಡರೂ ಇತರ ಗಾಯಾಳುಗಳನ್ನು ಉಪಚರಿಸಿ ಶೌರ್ಯಪದಕ ಪಡೆದನು. ಯುದ್ಧದ ತರುವಾಯ ಒಂಟಾರಿಯೊದ ಲಂಡನ್ ಪಟ್ಟಣದಲ್ಲಿ ವೈದ್ಯವೃತ್ತಿ ಆರಂಭಿಸಿದರೆ ರೋಗಿಗಳೇ ಬರಲೊಲ್ಲರು! ಆದರೆ 1920ರ ಅಕ್ಟೋಬರ್ ಕೊನೆಯ ರಾತ್ರಿ ಅವನಿಗೆ ಮೇದೋಜೀರಕಾಂಗವನ್ನು ಕುರಿತು ಹೊಸ ಆಲೋಚನೆಯೊಂದು ಹೊಳೆಯಿತು.

1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಮ್ಯಾಕ್ಲಿಯಡರ ಪ್ರಯೋಗಶಾಲೆಯಲ್ಲಿ, ತರುಣ ಬೆಸ್ಟನೊಡನೆ ಬ್ಯಾಂಟಿಂಗನು ದುಡಿದನು. ಕಾಲಿಪ್ ಎಂಬ ರಸಾಯನಜ್ಞನು ಔಷಧವನ್ನು ಶುದ್ಧಗೊಳಿಸಿದನು. 1922ರ ಜನವರಿ 11ರಂದು, 14 ವರ್ಷದ ಲಿಯೊನಾರ್ಡ್ ಥಾಮ್ಸನ್ನನಿಗೆ ಕೊಟ್ಟ ಮೊದಲ ಚುಚ್ಚುಮದ್ದು ಫಲಿಸಲಿಲ್ಲ. 23ರಂದು ಆರಂಭಿಸಿದ ಶುದ್ಧ ಔಷಧವು ಸಾವಿನಂಚಿನ ಬಾಲಕನನ್ನು ಉಳಿಸಿತು.

ಆದರೆ ಅಮೃತವೂ ಅತಿಯಾದರೆ ವಿಷವಲ್ಲವೆ? ಇನ್ಸುಲಿನ್ ಹೆಚ್ಚಾದ ಮೊಲಗಳು ಸೆಳೆತದಿಂದ ಒದ್ದಾಡಿದವು. ಗ್ಲೂಕೋಸ್ ಒದಗಿಸಿದೊಡನೆ ಎದ್ದು ಕುಳಿತವು. ರಕ್ತದಲ್ಲಿ ಸಕ್ಕರೆ ತೀರ ಇಳಿದರೆ ಮೊದಲು ಕಂಗೆಡುವುದು ಮಿದುಳು. ಗ್ಲೂಕೋಸಿಗೆ ಜೀರ್ಣವಾಗುವ ತಡವಿಲ್ಲ. ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ಆದುದರಿಂದಲೇ ಆಗಿನ ರೋಗಿಗಳಿಗೆ ಕಿತ್ತಳೆ ರಸವನ್ನೋ ಸಿಹಿಯನ್ನೋ ಬಳಿಯಲ್ಲಿಟ್ಟುಕೊಳ್ಳಲು ಕಲಿಸಿದರು. ಇಂದಿಗೂ ಕ್ರಮವಿದೇ: ಸುಮಾರು 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷ ಕಾದು, ರಕ್ತವನ್ನು ಮತ್ತೆ ಪರೀಕ್ಷಿಸಬೇಕು, ಸಕ್ಕರೆ ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕಿಳಿದೀತು. ಕೂಡಲೇ ವೈದ್ಯರ ನೆರವು ಪಡೆಯಬೇಕು.

ಈ ಔಷಧದಿಂದ ಕುಬೇರನಾಗಬಹುದಾಗಿದ್ದ ಬ್ಯಾಂಟಿಂಗನು ಸಂಗಡಿಗರೊಡನೆ ಅದರ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ತಲೆಗೊಂದು ಡಾಲರಿಗೆ ಬಿಟ್ಟುಕೊಟ್ಟನು. 1923ರಲ್ಲಿ ಮ್ಯಾಕ್ಲಿಯಡರೊಡನೆ ನೊಬೆಲ್ ಪಾರಿತೋಷಕ ಬಂದಾಗ, ತನ್ನ ಪಾಲಿನ ಅರ್ಧ ಹಣವನ್ನು ಬೆಸ್ಟನಿಗಿತ್ತನು. 1941ರ ಫೆಬ್ರವರಿ 21ರಂದು, ವಿಮಾನಾಪಘಾತದ ಗಾಯಗಳಿಂದ ನ್ಯೂಫೌಂಡ್‌ಲೆಂಡಿನಲ್ಲಿ ತೀರಿಕೊಂಡಾಗ ಅವನಿಗಿನ್ನೂ 49 ವರ್ಷ.

ಅವನ ಜನ್ಮದಿನವನ್ನು ಇಂದು ಲೋಕವು ಮಧುಮೇಹ ದಿನವೆಂದು ಆಚರಿಸುತ್ತಿದೆ. ನನ್ನ ತಮ್ಮನ ಜೇಬಿನಲ್ಲಿ ಈಗ ಸದಾ ಗ್ಲೂಕೋಸಿನ ಪೊಟ್ಟಣವಿರುತ್ತದೆ. ಅದನ್ನು ಕಂಡಾಗಲೆಲ್ಲ ನಾನು ಆ ಮಹನೀಯನಿಗೆ ಮನಸ್ಸಿನಲ್ಲಿಯೇ ಕೈಮುಗಿಯುತ್ತೇನೆ.