ಡಾ. ರಾಬರ್ಟ್ ಗೊಡಾರ್ಡ್ (1882–1945): ರಾಕೆಟ್ ಉಡಾವಣೆ ಮತ್ತು ಹವಾಮಾನ

ದ್ರವ ಇಂಧನದ ರಾಕೆಟ್ಟನ್ನು ಪ್ರಪಂಚದಲ್ಲಿ ಮೊತ್ತಮೊದಲು ಹಾರಿಸಿದ ಡಾ. ರಾಬರ್ಟ್ ಹಚಿಂಗ್ಸ್ ಗೊಡಾರ್ಡ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದಲ್ಲಿ 1882ರ ಅಕ್ಟೋಬರ್ 5ರಂದು ಜನಿಸಿದರು. 1911ರಲ್ಲಿ ಅದೇ ಊರಿನ ಕ್ಲಾರ್ಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದು, ಮುಂದೆ ಅಲ್ಲಿಯೇ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. 1913ರಲ್ಲಿ ಕ್ಷಯರೋಗಕ್ಕೆ ತುತ್ತಾದರೂ ಚೇತರಿಸಿಕೊಂಡು, ಮರುವರ್ಷವೇ ಬಹುಹಂತದ ರಾಕೆಟ್ ಹಾಗೂ ದ್ರವ ಇಂಧನದ ರಾಕೆಟ್‌ಗಳಿಗೆ ಪೇಟೆಂಟ್ ಪಡೆದರು.

ಬಲೂನುಗಳು ತಲುಪಲಾಗದ ಎತ್ತರಕ್ಕೆ ಹವಾಮಾನದ ಉಪಕರಣಗಳನ್ನು ಒಯ್ಯುವುದು ಅವರ ಸಂಶೋಧನೆಯ ಮೊದಲ ಗುರಿಯಾಗಿತ್ತು. ಈ ಉದ್ದೇಶಕ್ಕಾಗಿ ಸ್ಮಿತ್ಸೋನಿಯನ್ ಸಂಸ್ಥೆಯು 1917ರಲ್ಲಿ 5,000 ಡಾಲರ್‌ಗಳ ನೆರವು ನೀಡಿತು. ಅವರ ಪ್ರಬಂಧದಲ್ಲಿ ಚಂದ್ರನವರೆಗೂ ರಾಕೆಟ್ ಕಳುಹಿಸುವ ಸಾಧ್ಯತೆಯ ಪ್ರಸ್ತಾಪವಿದ್ದುದರಿಂದ, 1920ರಲ್ಲಿ ಪತ್ರಿಕೆಗಳು ಅವರನ್ನು ಅಪಹಾಸ್ಯಕ್ಕೆ ಗುರಿಮಾಡಿದವು. ಅಂದಿನಿಂದ ಅವರು ತಮ್ಮ ಕೆಲಸವನ್ನು ಆದಷ್ಟು ಗುಟ್ಟಾಗಿಯೇ ನಡೆಸಿದರು.

1926ರ ಮಾರ್ಚ್ 16ರಂದು, ಆಬರ್ನ್ ಗ್ರಾಮದ ಹಿಮ ಕವಿದ ಹೊಲವೊಂದರಲ್ಲಿ ಪೆಟ್ರೋಲ್ ಮತ್ತು ದ್ರವ ಆಮ್ಲಜನಕ ತುಂಬಿದ ಅವರ ರಾಕೆಟ್ ಎರಡೂವರೆ ಸೆಕೆಂಡುಗಳ ಕಾಲ ಹಾರಿತು. ಏರಿದ ಎತ್ತರ ಕೇವಲ 12.5 ಮೀಟರ್, ಬಿದ್ದುದು 56 ಮೀಟರ್ ದೂರದಲ್ಲಿ.

1929ರ ಜುಲೈ 17ರಂದು ವಾಯುಭಾರಮಾಪಕ, ಉಷ್ಣಮಾಪಕ ಮತ್ತು ಕ್ಯಾಮೆರಾ ಹೊತ್ತ ರಾಕೆಟ್ಟನ್ನು ಅದೇ ಹೊಲದಿಂದ ಹಾರಿಸಲಾಯಿತು. ಅದರ ಭಾರೀ ಸದ್ದನ್ನು ಕೇಳಿದ ನೆರೆಹೊರೆಯವರು ವಿಮಾನ ಅಪಘಾತವೆಂದು ಭಾವಿಸಿ ಪೊಲೀಸರಿಗೆ ತಿಳಿಸಿದರು. ರಾಜ್ಯದ ಅಗ್ನಿಸುರಕ್ಷಾ ಅಧಿಕಾರಿಯು ಮ್ಯಾಸಚೂಸೆಟ್ಸ್‌ನಲ್ಲಿ ಉಡಾವಣೆಗಳನ್ನು ನಿಷೇಧಿಸಿದರು. ಜನವಸತಿಯ ನಡುವೆ ಇಂತಹ ಪ್ರಯೋಗ ನಡೆಯಬಾರದೆಂಬ ಈ ನಿಲುವನ್ನು ಅನ್ಯಾಯವೆನ್ನಲಾಗದು. ಗೊಡಾರ್ಡ್ ಅವರು ಕೆಲಕಾಲ ಸೈನ್ಯದ ಫಿರಂಗಿ ಮೈದಾನವೊಂದರಲ್ಲಿ ಪ್ರಯೋಗ ಮುಂದುವರಿಸಿದರು.

ಅಷ್ಟರಲ್ಲಿ ಪ್ರಸಿದ್ಧ ವಿಮಾನ ಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಪ್ರಯತ್ನದಿಂದ ಉದ್ಯಮಿ ಡೇನಿಯಲ್ ಗುಗನ್‌ಹೈಮ್ ಅವರ ಧನಸಹಾಯ ದೊರೆಯಿತು. ಈ ಬಾರಿ ಗೊಡಾರ್ಡ್ ಅವರು ಸ್ಥಳದ ಆಯ್ಕೆಯನ್ನು ಹವಾಮಾನದಿಂದಲೇ ಆರಂಭಿಸಿದರು. ಹವಾಮಾನ ತಜ್ಞರ ಸಲಹೆ ಪಡೆದು, ಮಳೆ ಕಡಿಮೆಯಿದ್ದು ವರ್ಷದ ಬಹುಭಾಗ ತಿಳಿಯಾದ ಆಕಾಶವಿರುವ, ಸುತ್ತಲೂ ವಿಶಾಲ ಬಯಲಿರುವ ನ್ಯೂ ಮೆಕ್ಸಿಕೊದ ರಾಸ್ವೆಲ್ ಪಟ್ಟಣವನ್ನು ಆರಿಸಿಕೊಂಡು 1930ರಲ್ಲಿ ಅಲ್ಲಿಗೆ ತೆರಳಿದರು. ಪಟ್ಟಣದಿಂದ ಸುಮಾರು 16 ಕಿಲೋಮೀಟರ್ ದೂರದ ಈಡನ್ ಕಣಿವೆಯಲ್ಲಿ 60 ಅಡಿಗಳ ಉಡಾವಣಾ ಗೋಪುರವನ್ನು ನಿಲ್ಲಿಸಿದರು.

ಆದರೆ ರಾಸ್ವೆಲ್‌ನಲ್ಲಿಯೂ ಹವಾಮಾನವು ಸದಾ ಅನುಕೂಲವಾಗಿರಲಿಲ್ಲ. ವಸಂತದಲ್ಲಿ ಧೂಳುಗಾಳಿ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಅಲ್ಲಿ ಸಾಮಾನ್ಯ. ರಾಕೆಟ್ ನೆಲ ಬಿಟ್ಟ ಮೊದಲ ಕ್ಷಣಗಳಲ್ಲಿ ವೇಗ ಕಡಿಮೆಯಿರುವುದರಿಂದ ಅಡ್ಡಗಾಳಿಯ ಪ್ರಭಾವ ಆಗಲೇ ಹೆಚ್ಚು. ಬಾಲದಲ್ಲಿ ರೆಕ್ಕೆಗಳಿರುವ ರಾಕೆಟ್ ಗಾಳಿ ಬೀಸುವ ದಿಕ್ಕಿಗೇ ಮೂತಿ ತಿರುಗಿಸುತ್ತದೆ. ಸಾಕಷ್ಟು ವೇಗ ಬರುವವರೆಗೆ ಅದನ್ನು ನೇರವಾಗಿ ನಡೆಸುವುದೇ ಗೋಪುರದ ಕೆಲಸ. ಹಾಗೆಂದು ಗಾಳಿ ನಿಲ್ಲಲೆಂದು ಇಂಧನ ತುಂಬಿಟ್ಟುಕೊಂಡು ಬಹಳ ಹೊತ್ತು ಕಾಯುವಂತೆಯೂ ಇಲ್ಲ. ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ ಆಮ್ಲಜನಕವು ತೊಟ್ಟಿಯಲ್ಲಿ ನಿರಂತರವಾಗಿ ಆವಿಯಾಗುತ್ತಲೇ ಇರುತ್ತದೆ. ಇನ್ನು ಪ್ಯಾರಾಚೂಟ್ ಬಿಚ್ಚಿಕೊಂಡ ರಾಕೆಟ್ ಎಲ್ಲಿ ಇಳಿಯುವುದೆಂಬುದನ್ನು ಮೇಲ್ಮಟ್ಟದ ಗಾಳಿಯೇ ನಿರ್ಧರಿಸುವುದರಿಂದ, ನಿರ್ಜನ ಬಯಲು ಅನುಕೂಲ ಮಾತ್ರವಲ್ಲ, ಅನಿವಾರ್ಯವೂ ಆಗಿತ್ತು. ಸಿಬ್ಬಂದಿಯ ರಕ್ಷಣೆಗಾಗಿ ಗೋಪುರದಿಂದ ದೂರದಲ್ಲಿ ನಿಯಂತ್ರಣ ಆಶ್ರಯವನ್ನು ನಿರ್ಮಿಸಿ, ಅಲ್ಲಿಂದಲೇ ಉಡಾಯಿಸಲಾಗುತ್ತಿತ್ತು.

1930ರ ಡಿಸೆಂಬರ್ 30ರಂದು ಇಲ್ಲಿಂದ ಹಾರಿದ ರಾಕೆಟ್ 2,000 ಅಡಿ ಎತ್ತರವನ್ನು ತಲುಪಿತು. ಆರ್ಥಿಕ ಕುಸಿತದ ಕಾರಣ 1932ರಿಂದ 1934ರವರೆಗೆ ರಾಸ್ವೆಲ್‌ನ ಕೆಲಸ ನಿಂತಿತ್ತು. 1935ರ ಮಾರ್ಚ್ 28ರಂದು ಗೈರೋಸ್ಕೋಪ್ ಅಳವಡಿಸಿದ ರಾಕೆಟ್, ದಾರಿ ತಪ್ಪಿದಾಗಲೆಲ್ಲ ಜ್ವಾಲೆಯಲ್ಲಿ ಇರಿಸಿದ ಹಲಗೆಗಳ ನೆರವಿನಿಂದ ತನ್ನನ್ನು ತಾನೇ ತಿದ್ದಿಕೊಳ್ಳುತ್ತ 4,800 ಅಡಿ ಏರಿತು. ಗಾಳಿಯ ಸಮಸ್ಯೆಗೆ ಕಾಯುವುದರ ಹೊರತಾಗಿ ದೊರೆತ ನಿಜವಾದ ಪರಿಹಾರ ಇದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲಿಂಡ್‌ಬರ್ಗ್ ಮತ್ತು ಹ್ಯಾರಿ ಗುಗನ್‌ಹೈಮ್ ಖುದ್ದು ವೀಕ್ಷಿಸಲು ಬಂದಾಗ ಮಾತ್ರ ಉಡಾವಣೆಗಳು ವಿಫಲವಾದವು. 1937ರ ಮಾರ್ಚ್ 26ರ ರಾಕೆಟ್ ಸುಮಾರು 2.7 ಕಿಲೋಮೀಟರ್ ಎತ್ತರ ತಲುಪಿತು. ಗೊಡಾರ್ಡ್ ಅವರ ರಾಕೆಟ್‌ಗಳಲ್ಲಿ ಅತ್ಯಂತ ಎತ್ತರಕ್ಕೆ ಏರಿದುದು ಇದೇ.

ಡಾ. ಗೊಡಾರ್ಡ್ ಅವರು 1945ರ ಆಗಸ್ಟ್ 10ರಂದು ಬಾಲ್ಟಿಮೋರ್‌ನಲ್ಲಿ ನಿಧನರಾದರು. ಪ್ರಯೋಗಗಳನ್ನು ಛಾಯಾಚಿತ್ರಗಳಲ್ಲಿ ದಾಖಲಿಸುತ್ತಿದ್ದ ಪತ್ನಿ ಎಸ್ತರ್ ಅವರು ಆನಂತರ ಪತಿಯ ಹೆಸರಿನಲ್ಲಿ ಪೇಟೆಂಟ್ ಅರ್ಜಿಗಳನ್ನು ಮುಂದುವರಿಸಿದರು. ಒಟ್ಟು ಸಂಖ್ಯೆ 214ಕ್ಕೆ ಏರಿತು. 1959ರಲ್ಲಿ ನಾಸಾ ಸಂಸ್ಥೆಯ ಗೊಡಾರ್ಡ್ ಬಾಹ್ಯಾಕಾಶ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಪೇಟೆಂಟ್‌ಗಳನ್ನು ಬಳಸಿಕೊಂಡುದಕ್ಕಾಗಿ ಅಮೆರಿಕ ಸರ್ಕಾರವು 1960ರಲ್ಲಿ ಎಸ್ತರ್ ಹಾಗೂ ಗುಗನ್‌ಹೈಮ್ ಪ್ರತಿಷ್ಠಾನಕ್ಕೆ 10 ಲಕ್ಷ ಡಾಲರ್‌ಗಳನ್ನು ಪಾವತಿಸಿತು.